ದನಗಾಹಿಗಳ ಬಂದೂಕು ಕಿತ್ತುಕೊಳ್ಳಬೇಕೇ? ಕರಮೋಜಾ ಗಡಿಯ ಪರ-ವಿರೋಧ

ಉಗಾಂಡದ ಈಶಾನ್ಯ ಮೂಲೆಯಲ್ಲಿ ಕರಮೋಜಾ ಅನ್ನೋ ಸೀಮೆ ಇದೆ. ಪೂರ್ವಕ್ಕೆ ಕೀನ್ಯಾ, ಉತ್ತರಕ್ಕೆ ದಕ್ಷಿಣ ಸುಡಾನ್. ಅಲ್ಲಿ ಮಳೆಯನ್ನು ನಂಬುವ ಹಾಗಿಲ್ಲ. ಈ ಗುಡ್ಡಕ್ಕೆ ಬಿದ್ದರೆ ಆ ಗುಡ್ಡಕ್ಕಿಲ್ಲ. ಜೋಳ ಬಿತ್ತುತ್ತಾರೆ, ಬಂದರೆ ಬಂತು. ಬದುಕು ನಡೆಯುವುದು ದನ, ಕುರಿ, ಮೇಕೆಗಳ ಮೇಲೆ. ಬೇಸಿಗೆ ಬಂತೆಂದರೆ ಹಿಂಡು ಹೊಡೆದುಕೊಂಡು ಮೇವು-ನೀರು ಇದ್ದ ಕಡೆ ನಡೆಯಬೇಕು. ಅಲ್ಲಿ ಇನ್ನೊಬ್ಬರ ಹಿಂಡು ಮೊದಲೇ ಬಂದಿರುತ್ತದೆ. ಜಗಳ ಶುರುವಾಗುವುದೇ ಅಲ್ಲಿ.

ಮತೆನಿಕೊ, ಬೊಕೊರಾ, ಪಿಯಾನ್, ಜಿಯೆ, ದೊದೊತ್ ಎಂಬ ಪಂಗಡಗಳು ಉಗಾಂಡದ ಕಡೆ. ಗಡಿಯಾಚೆ ಕೀನ್ಯಾದಲ್ಲಿ ತುರ್ಕಾನಾಗಳು. ದಕ್ಷಿಣ ಸುಡಾನಿನಲ್ಲಿ ತೊಪೋಸಾಗಳು. ಇವರೆಲ್ಲ ಒಂದೇ ಬುಡದ ಕವಲುಗಳು, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುತ್ತದೆ. ಗಡಿಯ ಎರಡೂ ಕಡೆ ಹರಡಿರುವ ಪೊಕೊಟ್‌ಗಳದು ಮಾತ್ರ ಬೇರೆ ಭಾಷೆ. ಈ ಎಲ್ಲ ಪಂಗಡಗಳ ಹತ್ತಿರವೂ ಎಕೆ-47 ಇದೆ, ಇಲ್ಲವೇ ಇತ್ತು. ಅದನ್ನು ಕಿತ್ತುಕೊಳ್ಳಲು ಉಗಾಂಡ ಸರ್ಕಾರ 2001ರಲ್ಲಿ ಒಮ್ಮೆ, 2006ರಲ್ಲಿ ಒಮ್ಮೆ, 2021ರಲ್ಲಿ ಮತ್ತೊಮ್ಮೆ ಹೊರಟಿತು. ಕೀನ್ಯಾ ತನ್ನ ಉತ್ತರದ ಜಿಲ್ಲೆಗಳಲ್ಲಿ ಇದೇ ಕೆಲಸವನ್ನು ಬ್ರಿಟಿಷರ ಕಾಲದಿಂದಲೂ ಮಾಡುತ್ತಲೇ ಇದೆ.

ಇದು ಸರಿಯೇ? ಎರಡೂ ಕಡೆಯ ವಾದವನ್ನು ನಾನೇ ಬರೆದಿದ್ದೇನೆ. ಯಾವ ಕಡೆ ಕೈ ಜಾಸ್ತಿ ಓಡಿದೆ ಅಂತ ಓದುವವರಿಗೆ ಗೊತ್ತಾಗಿಯೇ ಆಗುತ್ತದೆ. ಮುಚ್ಚಿಡಲು ಹೋಗಿಲ್ಲ.

ಪರ: ಬಂದೂಕು ಇರುವ ತನಕ ದನವೂ ಉಳಿಯಲ್ಲ, ಜನವೂ ಉಳಿಯಲ್ಲ

ದನ ಹೊಡೆದುಕೊಂಡು ಹೋಗುವುದು ಹೊಸದೇನಲ್ಲ. ನಮ್ಮ ಊರುಗಳ ಕೆರೆ ಏರಿಯ ಮೇಲೆ, ಬಯಲಲ್ಲಿ ನಿಂತಿರುವ ಎಷ್ಟೋ ವೀರಗಲ್ಲುಗಳು ತುರುಗೊಳ್ ಕಾಳಗದಲ್ಲಿ ಸತ್ತವರವು. ವಿರಾಟನ ಗೋವುಗಳನ್ನು ಕೌರವರು ಅಟ್ಟಿಕೊಂಡು ಹೋದ ಕಥೆ ಕೇಳದವರು ಯಾರು? ಕರಮೋಜಾದಲ್ಲೂ ಹಾಗೇ. ಮದುವೆ ಆಗಬೇಕಾದರೆ ತೆರ ಕೊಡಬೇಕು. ತೆರ ಅಂದರೆ ಒಂದೆರಡು ಹಸುವಲ್ಲ, ಹತ್ತಾರು. ಅಪ್ಪನ ಹಿಂಡು ಸಾಲದಿದ್ದರೆ ಪಕ್ಕದ ಪಂಗಡದ ಹಿಂಡು. ಬರದಲ್ಲಿ ದನ ಸತ್ತರೂ ದೊಡ್ಡಿ ತುಂಬಲು ಅದೇ ದಾರಿ. ಇದನ್ನು ಹಿಡಿದುಕೊಂಡು ಕೆಲವರು 'ಅದು ಅವರ ಸಂಸ್ಕೃತಿ, ನೀವ್ಯಾಕೆ ಕೈ ಹಾಕ್ತೀರಿ' ಅನ್ನುತ್ತಾರೆ. ದೂರದಲ್ಲಿ ಕೂತು ಹಾಗೆ ಹೇಳುವುದು ಸುಲಭ.

ಹಳೆಯ ದಾಳಿಗೆ ಲಗಾಮು ಇತ್ತು. ಹಿರಿಯರು ಮರದ ನೆರಳಲ್ಲಿ ಅಕಿರಿಕೆಟ್ ಎಂಬ ಸಭೆ ಸೇರುತ್ತಿದ್ದರು. ಎತ್ತು ಕಡಿದು ಪಾಲು ಹಾಕುತ್ತಿದ್ದರು. ಯಾರು ಎಲ್ಲಿ ಕೂರಬೇಕು ಎಂಬುದರಲ್ಲೇ ಹಿರಿತನ ಗೊತ್ತಾಗುತ್ತಿತ್ತು. ಎಮುರೋನ್ ಎಂದು ಕರೆಯುವ ಕಣಿಗಾರ ಮೇಕೆಯ ಕರುಳು ಬಿಡಿಸಿ ನೋಡಿ ಶಕುನ ಹೇಳುತ್ತಿದ್ದ. ಇವರ ಒಪ್ಪಿಗೆ ಇಲ್ಲದೆ ಹುಡುಗರು ಹೊರಡುವ ಹಾಗಿರಲಿಲ್ಲ. ಹೊರಟರೂ ಕೈಯಲ್ಲಿ ಇರುತ್ತಿದ್ದದ್ದು ಈಟಿ. ಈಟಿ ಹಿಡಿದವನು ಎದುರಿಗಿರುವವನ ಹತ್ತಿರ ಹೋಗಲೇಬೇಕು, ಅವನ ಈಟಿಗೂ ಎದೆ ಕೊಡಲೇಬೇಕು. ಹಾಗಾಗಿ ಸಾಯುತ್ತಿದ್ದವರು ಕಡಿಮೆ.

1979ರಲ್ಲಿ ಇದೆಲ್ಲ ತಲೆಕೆಳಗಾಯಿತು. ಉಗಾಂಡದ ಸರ್ವಾಧಿಕಾರಿ ಇದಿ ಅಮೀನ್‌ನ ಸರ್ಕಾರ ಬಿತ್ತು. ಕರಮೋಜಾದ ಮೊರೊಟೊ ಊರಿನ ಬ್ಯಾರಕ್ ಬಿಟ್ಟು ಸಿಪಾಯಿಗಳು ಓಡಿಹೋದರು. ಆಯುಧದ ಕೋಣೆ ಕಾಯುವವರೇ ಇಲ್ಲ. ಹತ್ತಿರದಲ್ಲೇ ಇದ್ದ ಮತೆನಿಕೊಗಳು ಸಾವಿರಾರು ಬಂದೂಕು ಹೊತ್ತೊಯ್ದರು. ಮೊದಲೂ ಅಲ್ಲಿ ಬಂದೂಕು ಇರಲಿಲ್ಲ ಅಂತಲ್ಲ, ಇಥಿಯೋಪಿಯಾ ಕಡೆಯಿಂದ ಹಳೇ ಕೋವಿಗಳು ಬರುತ್ತಿದ್ದವು. ಆದರೆ ಒಂದು ಪಂಗಡದ ಕೈಗೆ ಒಂದೇ ಸಲ ಇಷ್ಟು ಬಂದದ್ದು ಅದೇ ಮೊದಲು. ಅದೇ ಹೊತ್ತಿಗೆ ಬರವೂ ಬಂತು. ದಾಳಿಯಲ್ಲಿ ದನ ಕಳೆದುಕೊಂಡವರಿಗೆ ಹಾಲಿಲ್ಲ, ಮಾರಿ ಕಾಳು ತರೋಣ ಅಂದರೆ ಮೇಕೆಯೂ ಇಲ್ಲ. ಆಹಾರದ ಲಾರಿಗಳನ್ನು ದಾರಿಯಲ್ಲೇ ದೋಚುತ್ತಿದ್ದರು. 1980ರ ಆ ಬರಗಾಲದಲ್ಲಿ ಕರಮೋಜಾದ ಐದರಲ್ಲಿ ಒಂದು ಪಾಲು ಜನ ಸತ್ತರು ಎಂದು ಆಗಿನ ಸಮೀಕ್ಷೆ ಹೇಳಿತು. ಸತ್ತವರಲ್ಲಿ ಮಕ್ಕಳೇ ಹೆಚ್ಚು. ಬರ ಎಲ್ಲ ಕಾಲದಲ್ಲೂ ಬರುತ್ತಿತ್ತು. ಬರದ ಜೊತೆ ಬಂದೂಕು ಸೇರಿದರೆ ಏನಾಗುತ್ತದೆ ಎಂದು ಆ ವರ್ಷ ಗೊತ್ತಾಯಿತು.

ಬಂದೂಕು ಮಾಡಿದ ಇನ್ನೊಂದು ಕೆಲಸ ಕಣ್ಣಿಗೆ ಬೇಗ ಕಾಣುವುದಿಲ್ಲ. ಅದು ಹಿರಿಯರ ಮಾತಿನ ಬೆಲೆ ಕಳೆಯಿತು. ಇಪ್ಪತ್ತರ ಹುಡುಗನಿಗೆ ದನ ಬೇಕಾದರೆ ಈಗ ಅಪ್ಪನನ್ನು ಕೇಳಬೇಕಿಲ್ಲ, ಸಭೆಯ ಒಪ್ಪಿಗೆಯೂ ಬೇಡ. ನಾಲ್ಕು ಜನ ಗೆಳೆಯರು, ನಾಲ್ಕು ಬಂದೂಕು ಇದ್ದರೆ ಸಾಕು. ತಂದ ದನವನ್ನು ದೊಡ್ಡಿಗೆ ಹೊಡೆಯಬೇಕೆಂದೂ ಇಲ್ಲ. ರಸ್ತೆಯಲ್ಲಿ ಲಾರಿ ಕಾದಿರುತ್ತದೆ. ಹಿಂದೆ ಕದ್ದ ದನ ಹಿಂಡಿನಲ್ಲಿ ಇರುತ್ತಿತ್ತು, ಮಾತುಕತೆಯಲ್ಲಿ ವಾಪಸ್ ಕೊಡಿಸಬಹುದಿತ್ತು. ಈಗ ಮರುದಿನವೇ ಅದು ದೂರದ ಕಸಾಯಿಖಾನೆಯಲ್ಲಿರುತ್ತದೆ. ಇದಕ್ಕೆ ಸಂಸ್ಕೃತಿ ಅಂತ ಹೆಸರು ಕೊಡುವುದು ಆ ಜನರಿಗೇ ಮಾಡುವ ಅವಮಾನ. ಇದು ಶುದ್ಧ ದರೋಡೆ.

ದಾಳಿ ಹೇಗೆ ನಡೆಯುತ್ತದೆ ನೋಡಿ. ಒಂದಿಬ್ಬರು ಮೊದಲೇ ಬಂದು ದನ ಎಷ್ಟಿವೆ, ಕಾವಲಿಗೆ ಯಾರಿದ್ದಾರೆ ಎಂದು ನೋಡಿಕೊಂಡು ಹೋಗುತ್ತಾರೆ. ಬೆಳಕು ಹರಿಯುವ ಮುಂಚೆ ಗುಂಪು ಬಂದು ಮುಳ್ಳುಬೇಲಿಯ ಸುತ್ತ ಅಡಗಿ ಕೂರುತ್ತದೆ. ಅಲ್ಲಿನ ಹಟ್ಟಿಗಳ ಬಾಗಿಲು ಬೇಕೆಂದೇ ಸಣ್ಣದು, ಬಗ್ಗಿ ತೆವಳಿ ಒಳಗೆ ಹೋಗಬೇಕು. ಈಟಿಯ ಕಾಲಕ್ಕೆ ಅದೇ ಕೋಟೆ. ಗುಂಡಿಗೆ ಬಾಗಿಲು ಬೇಕಿಲ್ಲ. ಕಡ್ಡಿ ಕಟ್ಟಿ ಮಣ್ಣು ಮೆತ್ತಿದ ಗೋಡೆಯನ್ನು ಅದು ಸೀಳಿಕೊಂಡು ಹೋಗುತ್ತದೆ. ಒಳಗೆ ಮಲಗಿದವರು ಕೂಸೋ ಮುದುಕಿಯೋ, ಹೊಡೆದವನಿಗೆ ಕಾಣುವುದೂ ಇಲ್ಲ. ಕೆಲವರು ದನ ಅಟ್ಟುತ್ತಾರೆ, ಕೆಲವರು ಹಿಂದೆ ಉಳಿದು ಬೆನ್ನಟ್ಟುವವರ ಮೇಲೆ ಗುಂಡು ಹಾರಿಸುತ್ತಾರೆ. ಓಡಲಾರದ ಕರುಗಳು ದಾರಿಯಲ್ಲೇ ಉಳಿಯುತ್ತವೆ.

2005ರ ಜುಲೈ 12ರಂದು ಉತ್ತರ ಕೀನ್ಯಾದ ಮಾರ್ಸಾಬಿಟ್ ಜಿಲ್ಲೆಯ ತುರ್ಬಿ ಎಂಬ ಊರಿಗೆ ಹೀಗೇ ಬೆಳಗಿನ ಜಾವ ನುಗ್ಗಿದರು. 50ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ 20ಕ್ಕೂ ಹೆಚ್ಚು ಮಕ್ಕಳು. ಶಾಲೆಗೆ ಹೊರಟವರನ್ನೂ ಬಿಡಲಿಲ್ಲ.

'ಪೊಲೀಸರು ಬರಲ್ಲ, ಹಾಗಾಗಿ ನಮ್ಮ ಬಂದೂಕೇ ನಮಗೆ ಕಾವಲು' ಎಂಬ ಮಾತಿದೆ. ಕೇಳಲು ಸರಿ ಅನಿಸುತ್ತದೆ. ಆದರೆ ಎಲ್ಲರೂ ಕಾವಲಿಗೆ ಅಂತ ಇಟ್ಟುಕೊಂಡ ಬಂದೂಕಿನಿಂದಲೇ ಅಲ್ವಾ ಎಲ್ಲರ ಮೇಲೂ ದಾಳಿ ಆಗುತ್ತಿರುವುದು? ಅವನು ಹತ್ತು ತಂದರೆ ಇವನು ಇಪ್ಪತ್ತು ತರುತ್ತಾನೆ. ಮೇಕೆ ಮಾರಿದ ದುಡ್ಡು ಗುಂಡಿಗೆ ಹೋಗುತ್ತದೆ. ಪೊಲೀಸರೂ ಒಳಗೆ ಕಾಲಿಡಲು ಹೆದರುತ್ತಾರೆ. 2012ರ ನವೆಂಬರ್‌ನಲ್ಲಿ ಕೀನ್ಯಾದ ಬರಗೊಯ್ ಹತ್ತಿರ ಕದ್ದ ದನ ಹುಡುಕಿಕೊಂಡು ಸುಗುತಾ ಕಣಿವೆಗೆ ಇಳಿದ ಪೊಲೀಸರನ್ನು ಗುಡ್ಡದ ಮೇಲಿಂದ ಹೊಡೆದು ಕೆಡವಿದರು. 40 ಮಂದಿಯಷ್ಟು ಸತ್ತರು. ಠಾಣೆ ಇಲ್ಲ ಅಂತ ಬಂದೂಕು, ಬಂದೂಕು ಇದೆ ಅಂತ ಠಾಣೆ ಇಲ್ಲ. ಈ ಗಂಟನ್ನು ಎಲ್ಲೋ ಒಂದು ಕಡೆ ಬಿಚ್ಚಬೇಕು. ಬಿಚ್ಚುವ ಶಕ್ತಿ ಇರುವುದು ಸರ್ಕಾರಕ್ಕೆ ಮಾತ್ರ.

ಬಿಚ್ಚಿದಾಗ ಏನಾಯಿತು ಎಂಬುದಕ್ಕೂ ಲೆಕ್ಕವಿದೆ. 2006ರಿಂದ ಉಗಾಂಡ ಸೈನ್ಯ ಪಟ್ಟು ಬಿಡದೆ ಬಂದೂಕು ಕಿತ್ತಿತು. ಕಷ್ಟಪಟ್ಟೇ ಕಿತ್ತಿತು. 2011ರ ಆಸುಪಾಸಿನಿಂದ 2019ರ ತನಕ ಕರಮೋಜಾದಲ್ಲಿ ಒಂದು ತಲೆಮಾರಿನವರು ಕಾಣದಂಥ ನೆಮ್ಮದಿ ಇತ್ತು. ರಾಜಧಾನಿ ಕಾಂಪಾಲಾದ ಬಸ್ಸುಗಳು ರಾತ್ರಿ ಹೊತ್ತೂ ಬರತೊಡಗಿದವು. ದನದ ಸಂತೆಗಳಿಗೆ ಹೊರಗಿನ ವ್ಯಾಪಾರಿಗಳು ಬಂದರು. ಹೆಂಗಸರು ಸೌದೆಗೆ, ನೀರಿಗೆ ದೂರ ಹೋಗಿ ಬರುವ ಧೈರ್ಯ ಮಾಡಿದರು. ಹೆದರಿ ಪಾಳುಬಿಟ್ಟಿದ್ದ ಫಲವತ್ತಾದ ಜಾಗಗಳಲ್ಲಿ ಮತ್ತೆ ಜೋಳ ಬೆಳೆದರು. ಗಂಡಸರು ಊರೂರಿಗೆ ಹೋಗುವಂತಾಯಿತು. ಅದಕ್ಕೂ ಮೊದಲು ಗಂಡಸು ಬೇರೆ ಪಂಗಡದ ಕಡೆ ಕಾಲಿಟ್ಟರೆ ಹೆಣವಾಗಿ ಬರುತ್ತಿದ್ದ. ಸುಮ್ನೆ ಬಂದ ನೆಮ್ಮದಿ ಅಲ್ಲ ಅದು.

2019ರ ನಂತರ ಅದು ಕೆಟ್ಟದ್ದು ಯಾಕೆ? ಈ ಕಡೆ ಬಂದೂಕು ಹೋಯಿತು, ಆ ಕಡೆ ಹೋಗಲಿಲ್ಲ. ತುರ್ಕಾನಾಗಳು, ತೊಪೋಸಾಗಳು ಬಂದೂಕು ಹಿಡಿದೇ ಇದ್ದರು. ಬಂದೂಕು ಗಡಿ ದಾಟಿ ಮತ್ತೆ ಒಳಗೆ ಬಂತು. 2022ರ ಮಾರ್ಚ್‌ನಲ್ಲಿ ಮೊರೊಟೊ ಜಿಲ್ಲೆಯಲ್ಲಿ ಖನಿಜದ ಸಮೀಕ್ಷೆಗೆ ಹೋಗಿದ್ದ ಮೂವರು ಭೂವಿಜ್ಞಾನಿಗಳನ್ನು, ಜೊತೆಗಿದ್ದ ಇಬ್ಬರು ಸಿಪಾಯಿಗಳನ್ನು ಕೊಂದರು. ಇದರಿಂದ ಕಲಿಯಬೇಕಾದ್ದು ಬಂದೂಕು ಕೀಳಬಾರದು ಎಂದಲ್ಲ. ಎರಡೂ ಕಡೆ ಒಟ್ಟಿಗೆ ಕೀಳಬೇಕು ಎಂದು. 2019ರ ಸೆಪ್ಟೆಂಬರ್‌ನಲ್ಲಿ ಕೀನ್ಯಾ, ಉಗಾಂಡ ಅಧ್ಯಕ್ಷರಿಬ್ಬರೂ ಮೊರೊಟೊದಲ್ಲೇ ಕೂತು ಒಪ್ಪಂದಕ್ಕೆ ಸಾಕ್ಷಿಯಾದರು. ಕಾಗದ ಇದೆ. ಕೆಲಸ ಆಗಬೇಕು.

ನಮ್ಮ ಉತ್ತರ ಕರ್ನಾಟಕದಲ್ಲೂ ಕುರಿ ಕಳ್ಳರ ಕಾಟ ಜಾಸ್ತಿಯಾದಾಗ ಕುರಿಗಾಹಿಗಳಿಗೆ ಬಂದೂಕಿನ ಲೈಸೆನ್ಸ್ ಕೊಡಿ ಎಂಬ ಬೇಡಿಕೆ ಎದ್ದಿದೆ. ಅವರ ಸಂಕಟ ಸುಳ್ಳಲ್ಲ. ಆದರೆ ಹಿಂಡಿನ ಹಿಂದೆ ಬಂದೂಕು ನಡೆಯತೊಡಗಿದರೆ ಎರಡು ತಲೆಮಾರಿನ ಮೇಲೆ ಏನಾಗುತ್ತದೆ ಎಂದು ನೋಡಬೇಕಾದವರು ಒಮ್ಮೆ ಕರಮೋಜಾ ಕಡೆ ನೋಡಲಿ.

ಸೈನಿಕರು ಹೊಡೆದರು, ಬಡಿದರು ಎಂಬುದು ನಿಜ. ತಪ್ಪು ಮಾಡಿದವರಿಗೆ ಶಿಕ್ಷೆ ಆಗಲಿ. ಕಾರ್ಯಾಚರಣೆಯ ರೀತಿ ಬದಲಾಗಲಿ. ಆದರೆ ಡಾಕ್ಟರು ಒರಟ ಎಂದು ಗಾಯದೊಳಗಿನ ಗುಂಡು ತೆಗೆಸದೆ ಇರುತ್ತೇವೆಯೇ?

ವಿರೋಧ: ಕಿತ್ತುಕೊಂಡ ಮೇಲೆ ಕಾಯುವವರು ಯಾರು?

ಬಂದೂಕು ಕೆಟ್ಟದ್ದು ಎಂಬುದರ ಬಗ್ಗೆ ನನಗೆ ತಕರಾರಿಲ್ಲ. ಕರಮೋಜಾದ ಯಾವ ಹೆಂಗಸನ್ನು ಕೇಳಿದರೂ ಅದನ್ನೇ ಹೇಳಿಯಾಳು. ತಕರಾರು ಇರುವುದು ಅದನ್ನು ಮೊದಲು ಕೀಳೋಣ, ಉಳಿದದ್ದು ಆಮೇಲೆ ನೋಡೋಣ ಎಂಬ ಯೋಚನೆಯ ಬಗ್ಗೆ. ಆ 'ಆಮೇಲೆ' ಒಮ್ಮೆಯೂ ಬಂದಿಲ್ಲ.

2001ರ ಡಿಸೆಂಬರ್‌ನಿಂದ ಶುರು ಮಾಡೋಣ. ಉಗಾಂಡದ ಅಧ್ಯಕ್ಷ ಮುಸೆವೆನಿಯ ಸರ್ಕಾರ 'ತಾವಾಗಿಯೇ ಬಂದೂಕು ಒಪ್ಪಿಸಿ' ಎಂದು ಕೇಳಿತು. ಒಪ್ಪಿಸಿದವರಿಗೆ ನೇಗಿಲು, ಮನೆಗೆ ಹೊದಿಸಲು ತಗಡು ಕೊಡುತ್ತೇವೆ ಎಂದಿತು. ನಿಮ್ಮನ್ನು ಸೈನ್ಯ ಕಾಯುತ್ತದೆ ಎಂದೂ ಮಾತು ಕೊಟ್ಟಿತು. ಜನ ನಂಬಿದರು. ಕೆಲವೇ ತಿಂಗಳಲ್ಲಿ 10,000ದ ಹತ್ತಿರ ಬಂದೂಕು ಬಂದವು. ಇದು ಸಣ್ಣ ವಿಷಯವಲ್ಲ. ಸರ್ಕಾರವನ್ನು ಯಾವತ್ತೂ ನಂಬದ ಜನ ಅವತ್ತು ನಂಬಿದ್ದರು. 2002ರ ಮಾರ್ಚ್‌ನಲ್ಲಿ ಸೈನ್ಯಕ್ಕೆ ಬೇರೆ ಕೆಲಸ ಬಂತು. ಉತ್ತರದಲ್ಲಿ ಜೋಸೆಫ್ ಕೋನಿಯ ಬಂಡುಕೋರರ ಮೇಲೆ ದೊಡ್ಡ ಕಾರ್ಯಾಚರಣೆ. ಕರಮೋಜಾದ ತುಕಡಿಗಳನ್ನು ಎತ್ತಿ ಅಲ್ಲಿಗೆ ಕಳಿಸಿದರು.

ಆಮೇಲೆ ಏನಾಗಬಹುದೋ ಅದೇ ಆಯಿತು. ಬೊಕೊರಾಗಳು ಹೆಚ್ಚು ಬಂದೂಕು ಒಪ್ಪಿಸಿದ್ದರು. ಅಕ್ಕಪಕ್ಕದ ಜಿಯೆ, ಮತೆನಿಕೊಗಳ ಹತ್ತಿರ ಇನ್ನೂ ಉಳಿದಿತ್ತು. ಬೊಕೊರಾಗಳ ದೊಡ್ಡಿಗಳು ಒಂದಾದ ಮೇಲೆ ಒಂದು ಬರಿದಾದವು. ಇವತ್ತಿಗೂ ಕಾಂಪಾಲಾದ ಸಿಗ್ನಲ್‌ಗಳಲ್ಲಿ ಕೈ ಚಾಚುವ ಕರಮೋಜಾ ಮಕ್ಕಳಲ್ಲಿ, ಕಾಳಿನ ಅಂಗಡಿಗಳ ಮುಂದೆ ಬಿದ್ದ ಕಾಳು ಆರಿಸುವ ಹೆಂಗಸರಲ್ಲಿ ಹೆಚ್ಚಿನವರು ನಪಾಕ್ ಜಿಲ್ಲೆಯವರು. ನಪಾಕ್ ಅಂದರೆ ಬೊಕೊರಾಗಳ ಸೀಮೆ. ಸರ್ಕಾರದ ಮಾತನ್ನು ಮೊದಲು ಕೇಳಿದವರು ಮೊದಲು ಬೀದಿಗೆ ಬಿದ್ದರು. ಮುಂದಿನ ಸಲ ಬಂದೂಕು ಕೊಡಿ ಅಂದಾಗ ಜನ ಮಣ್ಣಲ್ಲಿ ಹೂತಿಟ್ಟರೆ ಯಾರ ತಪ್ಪು?

ಮುಂದಿನ ಸಲ 2006ರಲ್ಲಿ ಬಂತು. ಈ ಸಲ ಕೇಳಲಿಲ್ಲ, ಸುತ್ತುವರಿದರು. ರಾತ್ರಿ ಬಂದು ಹಟ್ಟಿಯ ಸುತ್ತ ನಿಲ್ಲುವುದು, ಬೆಳಕಾದ ಮೇಲೆ ಎಲ್ಲರನ್ನೂ ಹೊರಗೆ ಎಳೆಯುವುದು, ಗಂಡಸರನ್ನು ಬೇರೆ ಮಾಡಿ ಬ್ಯಾರಕ್‌ಗೆ ಒಯ್ಯುವುದು. ಬಂದೂಕು ತಂದುಕೊಟ್ಟರೆ ಬಿಡುಗಡೆ. ಬಂದೂಕೇ ಇಲ್ಲದವನು ಏನು ತಂದುಕೊಡಬೇಕು? ಹಿಡಿದಿಟ್ಟವರನ್ನು ಬಿಡಿಸಿಕೊಳ್ಳಲು ಮನೆಯವರು ದನ ಮಾರಿ ಬಂದೂಕು ಕೊಂಡು ತಂದು ಒಪ್ಪಿಸಿದ್ದೂ ಇದೆ. ಬಂದೂಕು ಕಡಿಮೆ ಮಾಡಲು ಹೊರಟ ಸರ್ಕಾರ ಬಂದೂಕಿಗೆ ಗಿರಾಕಿ ಹುಟ್ಟಿಸಿತು! ಹ್ಯೂಮನ್ ರೈಟ್ಸ್ ವಾಚ್ ಎಂಬ ಮಾನವ ಹಕ್ಕುಗಳ ಸಂಸ್ಥೆ 2007ರಲ್ಲಿ ಕೊಟ್ಟ ವರದಿಯಲ್ಲಿ ಕೊಲೆ, ಚಿತ್ರಹಿಂಸೆ, ಮನೆ ಸುಟ್ಟದ್ದು ಎಲ್ಲ ದಾಖಲಾಗಿದೆ. ಬೇಲಿಯೇ ಎದ್ದು ಹೊಲ ಮೇಯ್ದದ್ದು ಅಂದರೆ ಇದು. ಪರ ವಾದದವರು ಇದನ್ನು ಒಂದು ಸಾಲಿನಲ್ಲಿ ಮುಗಿಸಿ ಡಾಕ್ಟರ ಒರಟುತನಕ್ಕೆ ಹೋಲಿಸಿದರು. ಈ ಡಾಕ್ಟರು ಹೊಟ್ಟೆ ಕೊಯ್ದು, ಹೊಲಿಗೆ ಹಾಕದೆ ಊರು ಬಿಟ್ಟು ಹೋದವರು.

ದನಗಳಿಗೆ ಏನು ಮಾಡಿದರು ಎಂಬುದು ಇನ್ನೂ ವಿಚಿತ್ರ. ಬಂದೂಕು ಕಿತ್ತವರ ದನ ಕಾಯಬೇಕಲ್ಲ, ಅದಕ್ಕೆ ಬ್ಯಾರಕ್ ಪಕ್ಕದಲ್ಲೇ ದೊಡ್ಡ ದೊಡ್ಡಿ ಮಾಡಿದರು. ಊರೂರಿನ ದನ ತಂದು ಅಲ್ಲಿ ಕೂಡಿದರು. ಕಾಗದದ ಮೇಲೆ ಚೆನ್ನಾಗಿದೆ. ದನ ಸಾಕಿದವರು ಯಾರಾದರೂ ಇದರಲ್ಲಿ ಏನು ತಪ್ಪಾಗುತ್ತದೆ ಎಂದು ಕೂಡಲೇ ಹೇಳುತ್ತಾರೆ. ಅಷ್ಟು ದನ ಒಂದೇ ಕಡೆ ಸೇರಿದರೆ ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬರುತ್ತದೆ. ಸುತ್ತಲಿನ ಹುಲ್ಲು ಕೆಲವೇ ದಿನಕ್ಕೆ ಮುಗಿಯುತ್ತದೆ. ಬಾಗಿಲು ತೆಗೆಯುವುದು ಸಿಪಾಯಿಗೆ ಹೊತ್ತಾದಾಗ, ಹಾಕುವುದೂ ಅವನಿಗೆ ಹೊತ್ತಾದಾಗ. ಹೊತ್ತು ಏರಿದ ಮೇಲೆ ಹೊರಟು ಬೇಗ ವಾಪಸ್ ಬರಬೇಕಾದ ದನ ಎಷ್ಟು ದೂರ ಮೇಯ್ದೀತು? ಹಾಲು ಕರೆಯುವ ಹೆಂಗಸರು ಹಟ್ಟಿಯಲ್ಲಿ, ಹಸು ಬ್ಯಾರಕ್‌ನಲ್ಲಿ. ಮಕ್ಕಳ ಬಟ್ಟಲಿಗೆ ಹಾಲು ಬರುವುದು ನಿಂತಿತು. ಕಳ್ಳ ಒಯ್ದರೂ ಹಾಲಿಲ್ಲ, ಸರ್ಕಾರ ಕಾಯ್ದರೂ ಹಾಲಿಲ್ಲ.

ಕೀನ್ಯಾದ ಕಥೆ ಇನ್ನೂ ಭೀಕರ. 1984ರ ಫೆಬ್ರವರಿಯಲ್ಲಿ ವಜೀರ್ ಜಿಲ್ಲೆಯಲ್ಲಿ ಬಂದೂಕು ಒಪ್ಪಿಸಿಲ್ಲ ಎಂದು ದೆಗೋಡಿಯಾ ಎಂಬ ಸೊಮಾಲಿ ಪಂಗಡದ ಗಂಡಸರನ್ನು ಹಿಡಿದು ವಗಲ್ಲಾ ಎಂಬಲ್ಲಿನ ವಿಮಾನದ ಓಡುದಾರಿಯ ಮೇಲೆ ಕೂರಿಸಿದರು. ಬಟ್ಟೆ ಬಿಚ್ಚಿಸಿ, ಬಿಸಿಲಲ್ಲಿ, ನೀರಿಲ್ಲದೆ, ದಿನಗಟ್ಟಲೆ. ಓಡಿದವರಿಗೆ ಗುಂಡು. ಸರ್ಕಾರ ಮೊದಲು ಒಪ್ಪಿಕೊಂಡ ಸಾವು 57. ನೂರಾರು ಜನ, ಸಾವಿರದ ತನಕವೂ ಸತ್ತಿರಬಹುದು ಎಂದು ಆಮೇಲೆ ಬಂದ ಲೆಕ್ಕಗಳು ಹೇಳುತ್ತವೆ. ಅಲ್ಲಿನವರಿಗೆ 'ನಿಶ್ಶಸ್ತ್ರೀಕರಣ' ಅಂದಾಗ ನೆನಪಾಗುವುದು ಶಾಂತಿಯಲ್ಲ, ಆ ಓಡುದಾರಿ.

ಇನ್ನು ಆ ನೆಮ್ಮದಿಯ ವರ್ಷಗಳು. 2011ರಿಂದ 2019ರ ತನಕ ಶಾಂತಿ ಇತ್ತು, ಒಪ್ಪುತ್ತೇನೆ. ಅದನ್ನು ತಂದದ್ದು ಸೈನ್ಯವೊಂದೇ ಎಂಬುದನ್ನು ಒಪ್ಪುವುದಿಲ್ಲ. ಅಷ್ಟು ಹೊತ್ತಿಗೆ ದಾಳಿ, ರೋಗ, ಬ್ಯಾರಕ್ ದೊಡ್ಡಿ ಎಲ್ಲ ಸೇರಿ ಎಷ್ಟೋ ಮನೆಗಳಲ್ಲಿ ಕದಿಯಲು ದನವೇ ಉಳಿದಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ ಪಂಗಡಗಳೇ ಕೂತು ನಿಯಮ ಮಾಡಿಕೊಂಡವು. ಕರಮೋಜಾದ ನಬಿಲಾಟುಕ್‌ನಲ್ಲಿ ಆದ ಒಪ್ಪಂದ ತುಂಬ ಸರಳ: ಕದ್ದವನು ಕದ್ದದ್ದರ ಎರಡರಷ್ಟು ಕೊಡಬೇಕು, ಮೇಲೊಂದು ದಂಡ. ಕಳ್ಳ ಯಾರೆಂದು ಅವನ ಊರಿನವರೇ ತೋರಿಸಬೇಕು. ಗೊರಸಿನ ಗುರುತು ಯಾವ ಹಟ್ಟಿಯ ಕಡೆ ಹೋಗಿದೆಯೋ ಆ ಹಟ್ಟಿ ಉತ್ತರ ಹೇಳಬೇಕು. ಒಬ್ಬ ಹುಡುಗನ ಆಸೆಗೆ ಇಡೀ ಊರು ದಂಡ ತೆರಬೇಕಾದಾಗ ಅವನ ಚಿಕ್ಕಪ್ಪನೇ ಅವನ ಕಿವಿ ಹಿಂಡುತ್ತಾನೆ. ಬಂದೂಕು ಹಿರಿಯರ ಬೆಲೆ ಕಳೆಯಿತು ಎಂದು ಪರ ವಾದದಲ್ಲಿ ಬರೆದಿದೆ, ಸರಿ. ಅದೇ ಹಿರಿಯರನ್ನು ಅವರ ಮಕ್ಕಳ ಎದುರಿಗೇ ಮಣ್ಣಲ್ಲಿ ಕೂರಿಸಿ ಹೊಡೆದರೆ ಬೆಲೆ ವಾಪಸ್ ಬರುತ್ತದೆಯೇ?

ಲೋಕಿರಿಯಾಮಾ ಎಂಬ ಜಾಗ ಕೀನ್ಯಾ ಕಡೆ ಗಡಿಯ ಹತ್ತಿರ ಇದೆ. 1973ರಲ್ಲಿ ತುರ್ಕಾನಾ ಮತ್ತು ಮತೆನಿಕೊ ಹಿರಿಯರು ಅಲ್ಲಿ ಸೇರಿ ಆಯುಧ ಹೂತು ರಾಜಿ ಮಾಡಿಕೊಂಡರು. ಅದರ ಆರು ವರ್ಷಕ್ಕೇ ಮತೆನಿಕೊಗಳ ಕೈಗೆ ಮೊರೊಟೊ ಬ್ಯಾರಕ್‌ನ ಬಂದೂಕುಗಳು ಬಂದವು. ಕರಮೋಜಾದಲ್ಲಿ ಅವರಷ್ಟು ಬಲ ಆಗ ಯಾರಿಗೂ ಇರಲಿಲ್ಲ. ಆದರೂ ತುರ್ಕಾನಾಗಳ ಜೊತೆಗಿನ ಆ ರಾಜಿ ಬಹುಮಟ್ಟಿಗೆ ಉಳಿಯಿತು. ಈಗಲೂ ವರ್ಷಕ್ಕೊಮ್ಮೆ ಎರಡೂ ಕಡೆಯವರು ಅಲ್ಲಿ ಸೇರುತ್ತಾರೆ. ಬರ ಬಂದಾಗ ತುರ್ಕಾನಾಗಳು ದನ ಹೊಡೆದುಕೊಂಡು ಬರುವುದು ಮತೆನಿಕೊಗಳ ಸೀಮೆಗೇ. ಮೊರೊಟೊ ಜಿಲ್ಲೆಯ ಕೊಬೆಬೆ ಕೆರೆಯ ದಂಡೆಯಲ್ಲಿ ತುರ್ಕಾನಾ, ಮತೆನಿಕೊ, ಜಿಯೆ ಹಿಂಡುಗಳು ಒಟ್ಟಿಗೆ ನೀರು ಕುಡಿಯುತ್ತವೆ. ಎರಡು ಕಡೆಯೂ ಬಂದೂಕು ಇದ್ದಾಗಲೂ ರಾಜಿ ಉಳಿಯಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ವಜೀರ್‌ನಲ್ಲೂ ಹೀಗೇ. 1990ರ ದಶಕದ ಶುರುವಿನಲ್ಲಿ ಅಲ್ಲಿ ಸೊಮಾಲಿ ಪಂಗಡಗಳ ನಡುವೆ ದೊಡ್ಡ ಕಾದಾಟ. ಊರಿನ ಮಾರುಕಟ್ಟೆಯಲ್ಲಿ ಒಂದು ಪಂಗಡದ ಹೆಂಗಸು ಇನ್ನೊಂದು ಪಂಗಡದವಳಿಗೆ ಹಾಲು ಮಾರುತ್ತಿರಲಿಲ್ಲ. ದೇಖಾ ಇಬ್ರಾಹಿಂ ಅಬ್ದಿ ಮತ್ತು ಜೊತೆಗಿದ್ದ ಕೆಲವು ಹೆಂಗಸರು ಅಲ್ಲಿಂದಲೇ ಕೆಲಸ ಶುರು ಮಾಡಿದರು. ಯಾರು ಯಾರಿಗೆ ಬೇಕಾದರೂ ಮಾರಬಹುದು, ಕೊಳ್ಳಬಹುದು, ಮಾರುಕಟ್ಟೆಯೊಳಗೆ ಯಾರಿಗೂ ತೊಂದರೆ ಆಗಬಾರದು. ಅಷ್ಟೇ. ಜಗಳ ಆದರೆ ಕೂಡಲೇ ನೋಡಲು ಹೆಂಗಸರದೇ ಒಂದು ಗುಂಪು. ಆಮೇಲೆ ಹಿರಿಯರನ್ನು ಹಿಡಿದರು, ಯುವಕರನ್ನು ಹಿಡಿದರು, ಜಿಲ್ಲಾ ಅಧಿಕಾರಿಗಳನ್ನೂ ಕೂರಿಸಿದರು. 1993ರಲ್ಲಿ ಹಿರಿಯರು ಅಲ್ ಫತಾ ಒಪ್ಪಂದಕ್ಕೆ ಬಂದರು. ಬಂದೂಕು ಒಪ್ಪಿಸುವ ಮಾತು ಬಂದದ್ದು ಜನರ ಎದೆಬಡಿತ ಸ್ವಲ್ಪ ಇಳಿದ ಮೇಲೆ. ದೇಖಾ ಅವರಿಗೆ 2007ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಅವರ ದಾರಿಯನ್ನು ಸರ್ಕಾರಗಳು ಹೊಗಳಿದ್ದು ಜಾಸ್ತಿ, ಹಿಡಿದದ್ದು ಕಡಿಮೆ.

ಪರ ವಾದದಲ್ಲಿ ಒಂದು ಲಾರಿ ಬಂತಲ್ಲ, ರಸ್ತೆಯಲ್ಲಿ ಕಾದಿರುವುದು. ಅದರ ಬಗ್ಗೆ ಒಂದು ಮಾತು. ಕಾಡಿನಲ್ಲಿ ಹೂತಿಟ್ಟ ಬಂದೂಕು ಹುಡುಕುವುದು ಕಷ್ಟ. ದನ ತುಂಬಿದ ಲಾರಿ ಹುಡುಕುವುದು ಕಷ್ಟವೇ? ಅದು ಹೋಗುವುದು ಇರುವ ಒಂದೆರಡು ರಸ್ತೆಯಲ್ಲೇ. ಅದಕ್ಕೆ ನಂಬರ್ ಪ್ಲೇಟ್ ಇದೆ, ಮಾಲೀಕ ಇದ್ದಾನೆ, ದನ ಸಾಗಿಸಲು ಪರವಾನಗಿ ಬೇಕು, ಕೊನೆಗೆ ಕಸಾಯಿಖಾನೆಯಲ್ಲಿ ಯಾರೋ ದುಡ್ಡು ಎಣಿಸುತ್ತಾರೆ. ಹೆಲಿಕಾಪ್ಟರ್ ಬೇಕಿಲ್ಲ. ಚೆಕ್‌ಪೋಸ್ಟ್‌ನಲ್ಲಿ ಕೂತವನು ಲಂಚ ಮುಟ್ಟದಿದ್ದರೆ ಸಾಕು. ಆದರೆ ಲಾರಿಯ ಹಿಂದೆ ಇರುವವರು ಪಟ್ಟಣದವರು, ಗುರುತು ಪರಿಚಯ ಇರುವವರು. ಬರಿಗಾಲಲ್ಲಿ ಓಡುವ ಹುಡುಗನನ್ನು ಹಿಡಿಯುವುದೇ ಸಲೀಸು.

ಶಿಕ್ಷೆ ಯಾರಿಗೆ ಬೀಳುತ್ತದೆ ಎಂಬುದನ್ನೂ ನೋಡಿ. 2023ರ ಏಪ್ರಿಲ್‌ನಲ್ಲಿ ಮೊರೊಟೊದ ಸೈನಿಕ ನ್ಯಾಯಾಲಯ ಬಂದೂಕು ಇಟ್ಟುಕೊಂಡಿದ್ದಕ್ಕೆ ಕೀನ್ಯಾದ 32 ತುರ್ಕಾನಾ ದನಗಾಹಿಗಳಿಗೆ 20 ವರ್ಷ ಜೈಲು ಕೊಟ್ಟಿತು. ಮೇ ತಿಂಗಳಲ್ಲಿ ಮುಸೆವೆನಿ ಆದೇಶ ಹೊರಡಿಸಿ, ಆರು ತಿಂಗಳಲ್ಲಿ ಬಂದೂಕು ಒಪ್ಪಿಸದಿದ್ದರೆ ತುರ್ಕಾನಾಗಳನ್ನು ದನದ ಸಮೇತ ಹೊರಗೆ ಹಾಕುತ್ತೇನೆ ಎಂದರು. ಅದೇ ವರ್ಷ ಕಾಂಪಾಲಾದಲ್ಲಿ ಇನ್ನೊಂದು ಸುದ್ದಿ. ಬಂದೂಕು ಬಿಟ್ಟು ಬಂದ ಕರಮೋಜಾ ಯುವಕರಿಗೆ, ಬಡ ಮನೆಗಳಿಗೆ ಅಂತ ಸರ್ಕಾರ ಕೊಂಡಿದ್ದ ತಗಡುಗಳು ಮಂತ್ರಿಗಳ, ಸಂಸದರ ಪಾಲಾಗಿದ್ದವು. ಕರಮೋಜಾ ಖಾತೆಯ ಮಂತ್ರಿಯನ್ನೇ ಬಂಧಿಸಬೇಕಾಯಿತು. 2001ರಲ್ಲೂ ತಗಡು ಕೊಡುತ್ತೇವೆ ಎಂದಿದ್ದರು, ಇಪ್ಪತ್ತು ವರ್ಷ ದಾಟಿದ ಮೇಲೂ ತಗಡಿನದೇ ಕಥೆ. ಹಟ್ಟಿಯವನ ಬಂದೂಕು ಕಿತ್ತದ್ದು ನಿಜ. ಅವನ ತಲೆಯ ಮೇಲಿನ ತಗಡು ಕದ್ದವರ ಕೈಯಲ್ಲಿ ಬಂದೂಕು ಇರಲಿಲ್ಲ.

ಎರಡೂ ಕಡೆ ಒಟ್ಟಿಗೆ ಕೀಳೋಣ ಎಂಬ ಮಾತು ಕಿವಿಗೆ ಹಿತ. ಆದರೆ ಎರಡು ಕಡೆ ಅಲ್ಲ, ನಾಲ್ಕು ಕಡೆ ಆಗಬೇಕು. ತುರ್ಕಾನಾ ಬಂದೂಕು ಒಪ್ಪಿಸಿದರೆ ಅವನ ಬೆನ್ನ ಹಿಂದೆ ತೊಪೋಸಾ ಇದ್ದಾನೆ, ಇಥಿಯೋಪಿಯಾ ಕಡೆಯಿಂದ ದಾಸೆನೆಚ್, ನ್ಯಾಂಗತೋಮ್ ಇದ್ದಾರೆ. ದಕ್ಷಿಣ ಸುಡಾನಿನಲ್ಲಿ ಸರ್ಕಾರದ ಸೈನ್ಯವನ್ನೇ ಒಂದು ಹತೋಟಿಯಲ್ಲಿ ಇಡಲು ಆಗಿಲ್ಲ, ತೊಪೋಸಾನ ಬಂದೂಕು ಕೇಳುವವರು ಯಾರು? ಹಾಗಾಗಿ 'ಒಟ್ಟಿಗೆ' ಅನ್ನುವುದು ನಡೆಯುವಾಗ ಯಾವಾಗಲೂ ಸರ್ಕಾರದ ಕೈಗೆ ಸುಲಭವಾಗಿ ಸಿಗುವವನಿಂದ ಶುರುವಾಗಿ ಅವನಲ್ಲೇ ನಿಲ್ಲುತ್ತದೆ.

ಮಾಡಬೇಕಾದ್ದು ಇಲ್ಲವೇ ಇಲ್ಲ ಎಂದಲ್ಲ. ಬಂದೂಕಿಗೆ ನಂಬರ್ ಹಾಕಿ ಯಾರದು ಎಂದು ಬರೆದಿಡಿ. ಗುಂಡಿನ ಲೆಕ್ಕ ಇಡಿ. ಊರಿನವರನ್ನೇ ತರಬೇತಿ ಕೊಟ್ಟು, ಸಂಬಳ ಕೊಟ್ಟು, ಠಾಣೆಗೆ ಜವಾಬ್ದಾರರಾಗುವಂತೆ ಕಾವಲಿಗೆ ಹಾಕಿ. ಕೀನ್ಯಾದಲ್ಲಿ ಇಂಥ ವ್ಯವಸ್ಥೆ ಇತ್ತು, ಪೊಲೀಸ್ ರಿಸರ್ವಿಸ್ಟ್‌ಗಳು ಅಂತ. ಸರ್ಕಾರದ ಬಂದೂಕು, ಊರಿನ ಕಾವಲುಗಾರ. ಸಂಬಳ ಇರಲಿಲ್ಲ, ಕೆಲವರು ಅದೇ ಬಂದೂಕಿನಿಂದ ದಾಳಿಗೂ ಹೋಗುತ್ತಿದ್ದರು, ನಿಜ. ಅದನ್ನು ಸರಿಪಡಿಸುವ ಬದಲು 2019ರಲ್ಲಿ ಸರ್ಕಾರ ಹಲವು ಜಿಲ್ಲೆಗಳಲ್ಲಿ ಅವರ ಬಂದೂಕು ವಾಪಸ್ ತೆಗೆದುಕೊಂಡಿತು. ಊರುಗಳು ಬಾಗಿಲಿಲ್ಲದ ಮನೆಯಾದವು. 2023ರ ಫೆಬ್ರವರಿಯಲ್ಲಿ, ಆರು ತಿಂಗಳಲ್ಲಿ ನೂರಕ್ಕೂ ಹೆಚ್ಚು ಜನ, 16 ಪೊಲೀಸರು ಸತ್ತಿದ್ದಾರೆ ಎಂದು ಸರ್ಕಾರವೇ ಹೇಳಿ ಆರು ಜಿಲ್ಲೆಗಳಿಗೆ ಸೈನ್ಯ ಕಳಿಸಿತು. ಬಂದೂಕು ಒಪ್ಪಿಸಲು ಮೂರು ದಿನ ಗಡುವು ಕೊಟ್ಟಿತು. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಸೈನ್ಯ ಬಂದ ಮೇಲೂ ದಾಳಿ ಪೂರ್ತಿ ನಿಲ್ಲಲಿಲ್ಲ. ಗುಡ್ಡದ ಯಾವ ಸಂದಿಯಿಂದ ಕಳ್ಳರು ಇಳಿಯುತ್ತಾರೆ, ಯಾವ ಹೊಂಡದಲ್ಲಿ ಬೇಸಿಗೆಯಲ್ಲೂ ನೀರಿರುತ್ತದೆ ಎಂದು ನೈರೋಬಿಯಿಂದ ಬಂದ ಸಿಪಾಯಿಗೆ ಗೊತ್ತಿರಲು ಸಾಧ್ಯವೇ? ಅದೇ ಸರ್ಕಾರ ಆಮೇಲೆ ಊರೂರಲ್ಲಿ ರಿಸರ್ವಿಸ್ಟ್‌ಗಳನ್ನು ಮತ್ತೆ ನೇಮಿಸಿಕೊಂಡು ಅವರ ಕೈಗೆ ಬಂದೂಕು ಕೊಟ್ಟಿತು.